'ರೆ' ಎಂಬ ಒಂದಕ್ಷರ

ಮಕ್ಕಳೇ, ಮೊನ್ನೆ ರಾತ್ರಿ ಹತ್ತು ಗಂಟೆಯಾದರೂ ನಮ್ಮ ಮೊಮ್ಮಗಳಿಗೆ ನಿದ್ದೆಯಿಲ್ಲ. ಮರುದಿನ ಶಾಲೆಯಲ್ಲಿ ಅವಳ ಭಾಷಣ. "ಅಜ್ಜಿ, ಮಾತು ಮರೆತುಹೋದರೆ? ಎಲ್ಲರೂ ನಕ್ಕರೆ? ಮೈಕ್ ಕೆಟ್ಟರೆ?" ಒಂದರ ಹಿಂದೊಂದು 'ರೆ'!

ಈ ಪುಟ್ಟ 'ರೆ' ಕೆಟ್ಟದ್ದೇನಲ್ಲ. ಬೆಳಕಿನ ಕಿರಣವನ್ನು ಅದರ ವೇಗದಲ್ಲೇ ಬೆನ್ನಟ್ಟಿದರೆ ಏನು ಕಂಡೀತು ಎಂದು ಆಲ್ಬರ್ಟ್ ಐನ್‌ಸ್ಟೈನ್ ಹದಿನಾರರ ವಯಸ್ಸಿನಲ್ಲಿ ಯೋಚಿಸಿದ್ದರು. ಆ ಪ್ರಶ್ನೆಯನ್ನು ಅವರು ವರ್ಷಗಟ್ಟಲೆ ಬಿಡಲಿಲ್ಲ. 1905ರಲ್ಲಿ ಅವರ ವಿಶೇಷ ಸಾಪೇಕ್ಷತಾ ಸಿದ್ಧಾಂತ ಹೊರಬಂತು.

ಅಷ್ಟು ದೂರ ಏಕೆ, ನಮ್ಮ ರಾಗಿ ಹೊಲಕ್ಕೇ ಬನ್ನಿ. "ಮಳೆ ಕೈಕೊಟ್ಟರೆ?" ಎಂದು ನಮ್ಮ ಹಿರಿಯರೂ ಯೋಚಿಸಿದರು. ಆದರೆ ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತಿದರು. ಒಂದು ಬೆಳೆ ಕೈಬಿಟ್ಟರೂ ಇನ್ನೊಂದು ಮನೆ ಸೇರಲಿ ಎಂದು.

ಪಂಚತಂತ್ರದ ಬ್ರಾಹ್ಮಣ ಮಾಡಿದ್ದೇ ಬೇರೆ. ಮಡಕೆ ತುಂಬ ಹಿಟ್ಟು ತೂಗುಹಾಕಿ, ಕೆಳಗೆ ಮಲಗಿಕೊಂಡ. ಹಿಟ್ಟು ಮಾರಿದರೆ ಆಡು, ಆಡು ಮಾರಿದರೆ ಹಸು, ಆಮೇಲೆ ಮನೆ, ಮದುವೆ, ಮಗ! ಕನಸಿನಲ್ಲೇ ಹೆಂಡತಿಯ ಮೇಲೆ ಸಿಟ್ಟು ಬಂದು ಕಾಲು ಝಾಡಿಸಿದ. ಮಡಕೆ ಒಡೆದು ಹಿಟ್ಟೆಲ್ಲ ಮೈಮೇಲೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಅದಕ್ಕೇ ಮೊಮ್ಮಗಳಿಗೆ ಹೇಳಿದೆ: "ಒಂದೊಂದು 'ರೆ'ಗೂ ಒಂದು ಉತ್ತರ ಕೊಡು."

"ಮರೆತರೆ?"

"ಚೀಟಿ ನೋಡ್ತೀನಿ."

"ನಕ್ಕರೆ?"

"ನಾನೂ ನಕ್ಕುಬಿಡ್ತೀನಿ."

"ಮೈಕ್ ಕೆಟ್ಟರೆ?"

"ಜೋರಾಗಿ ಮಾತಾಡ್ತೀನಿ."

"ಭೂಕಂಪ ಆದರೆ?"

"ಹೋಗಜ್ಜಿ, ಅದಕ್ಕೆ ನಾನೇನು ಮಾಡಲಿ!"

"ಹಾಗಾದರೆ ಅದನ್ನು ಬಿಟ್ಟುಬಿಡು, ಮಲಗು."

ದೀಪ ಆರಿಸಿದೆ. ಹೊದಿಕೆಯೊಳಗಿಂದ ಮತ್ತೆ ದನಿ ಬಂತು. "ಅಜ್ಜಿ, ಮದುವೆ ಆದಮೇಲೂ ವೀಣೆ ಬಿಡದೇ ಇದ್ದಿದ್ದರೆ ಕಚೇರಿ ಕೊಡ್ತಿದ್ದೆ ಅಂತ ನೀನು ಯಾವಾಗಲೂ ಹೇಳ್ತೀಯಲ್ಲ. ಆ 'ರೆ'ಗೆ ಏನು ಉತ್ತರ?"

ನನಗೆ ಮಾತೇ ಹೊರಡಲಿಲ್ಲ. ನಿಮ್ಮ 'ರೆ' ನಾಳೆಯನ್ನು ನೋಡುತ್ತದೆ ಮಕ್ಕಳೇ, ನಮ್ಮಂಥ ಅಜ್ಜ ಅಜ್ಜಿಯರದು ನಿನ್ನೆಯನ್ನು. ಆ ಸೈಟು ಕೊಂಡಿದ್ದರೆ, ಆ ಕೆಲಸಕ್ಕೆ ಸೇರಿದ್ದರೆ ಎಂದು ಎಷ್ಟು ಸಂಜೆಗಳನ್ನು ಕಳೆದಿದ್ದೇವೋ! ನಲವತ್ತು ವರ್ಷ ಈ ಒಂದು 'ರೆ'ಯನ್ನು ಹೇಳಿಕೊಂಡೆನೇ ಹೊರತು, ವೀಣೆಯ ಮೇಲಿನ ಧೂಳು ಒರೆಸಿರಲಿಲ್ಲ.

ಮರುದಿನ ಅವಳು ಭಾಷಣದಲ್ಲಿ ಒಂದು ಕಡೆ ತಡವರಿಸಿದಳಂತೆ. ಚೀಟಿ ನೋಡಿ ಮುಂದುವರಿಸಿದಳಂತೆ. ಬಹುಮಾನ ಬರಲಿಲ್ಲ, ಮುಖದಲ್ಲಿ ಬೇಸರವೂ ಇರಲಿಲ್ಲ.

ನಾನು ಅಟ್ಟದಿಂದ ವೀಣೆ ಇಳಿಸಿದೆ. ತಂತಿಗಳಿಗೆ ತುಕ್ಕು ಹಿಡಿದಿತ್ತು, ಹೊಸದು ಹಾಕಿಸಿದೆ. ಕಚೇರಿ ಕೊಡುವ ಕಾಲ ಮುಗಿಯಿತು, ನಿಜ. ಸರಳೆ ವರಸೆ ನುಡಿಸುವ ಕಾಲ ಇನ್ನೂ ಇದೆ. ಸಂಜೆ ಮೊಮ್ಮಗಳು ಪಕ್ಕದಲ್ಲಿ ಕೂತು ತಾಳ ಹಾಕುತ್ತಾಳೆ; ತಪ್ಪಿದರೆ ಇಬ್ಬರೂ ನಗುತ್ತೇವೆ.

ನಿಮ್ಮ ಮನೆಯ ಅಜ್ಜ ಅಜ್ಜಿಯರ ಬಳಿಯೂ ಅಂಥದೊಂದು ಹಳೆಯ 'ರೆ' ಇರಬಹುದು. ಈ ಭಾನುವಾರ ಕೇಳಿ ನೋಡಿ.