ಹಾಸ್ಯ, ಕರುಣ ಮತ್ತು ಮರೆವಿನ ರೋಗ

ಚಲನಚಿತ್ರವನ್ನು ಕುರಿತು ಕನ್ನಡ ಪಂಡಿತನೊಬ್ಬನು ಶಾಲೆಯ ಸ್ಮರಣ ಸಂಚಿಕೆಗೆ ಬರೆಯುವುದು ಕೆಲವರಿಗೆ ವಿಪರೀತವಾಗಿ ತೋರಬಹುದು. ಆದರೆ ಕಾವ್ಯವು ಶ್ರವ್ಯವೆಂದೂ ದೃಶ್ಯವೆಂದೂ ಎರಡು ಬಗೆಯೆಂಬ ಪೂರ್ವಸೂರಿಗಳ ಮಾತನ್ನು ಒಪ್ಪಿದವರು ಚಲನಚಿತ್ರವನ್ನು ದೃಶ್ಯಕಾವ್ಯದ ಪಂಕ್ತಿಯಿಂದ ಎಬ್ಬಿಸಲಾರರು.

2016ರಲ್ಲಿ ತೆರೆಕಂಡ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಹೇಮಂತ್ ಎಂ. ರಾವ್ ಅವರು ನಿರ್ದೇಶಿಸಿದ ಚಿತ್ರ. ಕಾಣೆಯಾದವರನ್ನು ಕುರಿತ ಪ್ರಕಟಣೆಗಳ ಒಕ್ಕಣೆಯೇ ಅದರ ಹೆಸರು. ಅನಂತನಾಗ್ ಅವರು ಅಭಿನಯಿಸಿದ ವೆಂಕೋಬರಾಯರು ಆಲ್ಝೈಮರ್ ರೋಗಕ್ಕೆ ತುತ್ತಾದ ವೃದ್ಧರು. ಮಗನ ಅಲಕ್ಷ್ಯದಿಂದ ಬೆಂಗಳೂರಿನಲ್ಲಿ ಕಾಣೆಯಾಗುತ್ತಾರೆ. ಮಗನು ಪಶ್ಚಾತ್ತಾಪದಿಂದ ಬೀದಿಬೀದಿ ಅಲೆಯುತ್ತಿರಲು, ತಂದೆಯು ಪಾತಕಿಗಳ ಕೈಗೆ ಸಿಕ್ಕಿ, ಅವರೊಡನೆ ಗೃಹಸ್ಥನೊಬ್ಬನ ಮನೆ ಸೇರುತ್ತಾರೆ. ಅಚ್ಯುತ್ ಕುಮಾರ್ ಅವರು ಆ ಗೃಹಸ್ಥನಾಗಿ ಪಡುವ ಗಾಬರಿ, ಪೇಚಾಟಗಳನ್ನು ಕಂಡು ನಗದವರಿಲ್ಲ.

ಹಾಸ್ಯಕ್ಕೆ ಕರುಣವೂ ಭಯಾನಕವೂ ವಿರೋಧಿಗಳೆಂದು ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಹೇಳಿದ್ದಾನೆ. ಈ ಚಿತ್ರದಲ್ಲಿ ಮೂರೂ ಒಂದೇ ಮನೆಯೊಳಗಿವೆ. ಆದರೂ ರಸಭಂಗವಾಗುವುದಿಲ್ಲ, ಏಕೆ? ವಿರೋಧಿ ರಸಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿರಿಸಿದರೆ ವಿರೋಧ ತಪ್ಪುವುದೆಂದು ಧ್ವನ್ಯಾಲೋಕದಲ್ಲಿ ಆನಂದವರ್ಧನನು ದಾರಿ ತೋರಿದ್ದಾನೆ. ಇಲ್ಲಿ ನಗೆಗೆ ವಿಷಯರಾದವರು ಆರೋಗ್ಯವಂತರು, ರೋಗಿಯಲ್ಲ. ವೆಂಕೋಬರಾಯರ ಮರೆವನ್ನು ನಗೆಯ ಸರಕಾಗಿ ಮಾಡಲು ನಿರ್ದೇಶಕರು ಹೋಗಿಲ್ಲ. (ಆಶ್ರಯಕ್ಕೆ ಹೇಳಿದ್ದನ್ನು ಆಲಂಬನಕ್ಕೆ ಅನ್ವಯಿಸಿದನೆಂದು ವಿದ್ವಾಂಸರು ಆಕ್ಷೇಪಿಸಬಹುದು, ಆಕ್ಷೇಪಿಸಲಿ.)

ಇದು ನಮ್ಮ ಪರಂಪರೆಗೆ ಹೊಸದಲ್ಲ. ಶಿವಕವಿ ರಾಘವಾಂಕನು ಕಾವ್ಯವಾಗಿಸಿದ ಹರಿಶ್ಚಂದ್ರನ ಕಥೆಯನ್ನೇ ನೋಡಿ. ಸಾಲಕ್ಕಾಗಿ ಬೆನ್ನುಹತ್ತಿದ ನಕ್ಷತ್ರಿಕನು ಕರಾವಳಿಯ ಬಯಲಾಟಗಳಲ್ಲಿ ಹಾಸ್ಯಗಾರನ ಪಾಲಿನ ವೇಷ. ಸಭೆ ನಗುವುದು ಪೀಡಿಸುವವನನ್ನು ಕಂಡು. ರಾಜ್ಯ ಕಳೆದುಕೊಂಡ ಅರಸನನ್ನು ಕಂಡಲ್ಲ.

ಹೃಷಿಕೇಶ ಮುಖರ್ಜಿಯವರ 1971ರ ಹಿಂದೀ ಚಿತ್ರ ‘ಆನಂದ್’ನಲ್ಲಿ ಕ್ಯಾನ್ಸರ್ ಪೀಡಿತನಾದ ನಾಯಕನು ತಾನೇ ನಗುತ್ತಾನೆ, ನಗಿಸುತ್ತಾನೆ. ಅದು ಅವನ ಹಕ್ಕು. ತನ್ನ ಸಾವನ್ನು ಬಲ್ಲವನು ಅದನ್ನು ಕಂಡು ನಗಬಲ್ಲನು. ನೆನಪನ್ನೇ ಕಳೆದುಕೊಂಡವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಪಾಲಿಗೆ ಉಳಿಯುವುದು ಸುತ್ತಲಿನವರ ನಗೆ ಮಾತ್ರ.

ಜರ್ಮನಿಯ ವೈದ್ಯ ಆಲ್ಝೈಮರನು ಈ ರೋಗವನ್ನು ವಿವರಿಸಿದ್ದು 1906ರಲ್ಲಿ. ಬಹುಮಟ್ಟಿಗೆ ಇತ್ತೀಚಿನ ನೆನಪುಗಳು ಮೊದಲು ಅಳಿಯುತ್ತವೆ. ಹಳೆಯವು ಬಹುಕಾಲ ನಿಲ್ಲುತ್ತವೆ. ಇದನ್ನರಿಯದ ಕಾಲದಲ್ಲಿ ನಾನೂ ತಪ್ಪು ಮಾಡಿದವನು. ಸುಳ್ಯದ ಸಮೀಪದ ಜಾಲ್ಸೂರಿನಲ್ಲಿ, ಕಾಸರಗೋಡಿನ ಕಡೆಗೆ ರಸ್ತೆ ಕವಲೊಡೆಯುವಲ್ಲಿಗೆ ತುಸು ದೂರದಲ್ಲಿ, ನನ್ನ ಸೋದರಮಾವನ ಮನೆಯಿತ್ತು. ಅಡಕೆ ತೋಟದ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದ ಅವರು ಕೊನೆಗಾಲದಲ್ಲಿ ಜಗಲಿಯಲ್ಲಿ ಕುಳಿತು, ಬಂದವರನ್ನೆಲ್ಲ “ಕಾಸರಗೋಡಿನ ಬಸ್ಸು ಹೋಯಿತೆ?” ಎಂದು ಕೇಳುತ್ತಿದ್ದರು. ನಾವು ತರುಣರು ಒಮ್ಮೆ ಹೋಯಿತೆಂದೂ ಮರುಕ್ಷಣ ಇನ್ನೂ ಬಂದಿಲ್ಲವೆಂದೂ ಹೇಳಿ ನಗುತ್ತಿದ್ದೆವು. ಅವರು ಎದ್ದು, ಶಲ್ಯ ಹೊದ್ದು, ಮತ್ತೆ ಕುಳಿತುಕೊಳ್ಳುತ್ತಿದ್ದರು. ಒಂದು ದಿನ ಅತ್ತೆ ಒಳಗಿನಿಂದ ಬಂದು, “ಮಕ್ಕಳೇ, ಇವರು ನಿಮಗೆ ಅಕ್ಷರ ತಿದ್ದಿಸಿದವರು” ಎಂದಷ್ಟೇ ಹೇಳಿ ಹೋದರು. ಚಿತ್ರ ನೋಡುವಾಗ ನನಗೆ ಕಾಡಿದ್ದು ಆ ಶಲ್ಯ.

ಈ ಮಾತನ್ನು ಇಲ್ಲಿ ಬರೆಯಲು ಕಾರಣವುಂಟು. ಶಾಲೆಗಳ ವಾರ್ಷಿಕೋತ್ಸವದ ಪ್ರಹಸನಗಳಲ್ಲಿ ಮರೆಗುಳಿ ಅಜ್ಜ, ಕಿವುಡ ತಾತ, ನಡುಗುವ ಮುದುಕಿ ತಪ್ಪದೆ ಬರುತ್ತಾರೆ. ಮಕ್ಕಳು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಹುಡುಕಿದರೆ ಸಭೆ ಚಪ್ಪಾಳೆ ತಟ್ಟುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯ ವಿದ್ಯಾರ್ಥಿಗಳಲ್ಲಿ, ದಾನಿಗಳಲ್ಲಿ, ಮನೆಯಲ್ಲಿ ಅಂಥ ತಂದೆಯನ್ನು ಬಿಟ್ಟು ಬಂದವರು ಇರುತ್ತಾರೆ. ನಗೆಯನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಅಜ್ಜನ ಬದಲು ಅಜ್ಜನನ್ನು ಹುಡುಕಲಾರದೆ ಕಂಗೆಡುವ ಮಗನನ್ನು, ಅವಸರದ ಮೊಮ್ಮಗನನ್ನು ನಗೆಗೆ ಗುರಿಮಾಡಿರಿ. ಈ ವರ್ಷದ ಪ್ರಹಸನವನ್ನು ಆರಿಸುವ ಅಧ್ಯಾಪಕ ಮಿತ್ರರು ತಾಲೀಮಿಗೆ ಮೊದಲು ಹಸ್ತಪ್ರತಿಯನ್ನು ನನಗೊಮ್ಮೆ ತೋರಿಸಿದರೆ, ಸಂಭಾಷಣೆ ತಿದ್ದಿಕೊಡಲು ಸಿದ್ಧನಿದ್ದೇನೆ.