ಹೆಸರು ಕೇಳಿ ಬದುಕುಳಿದವರಿಲ್ಲ

2020ರ ಏಪ್ರಿಲ್‌ನಲ್ಲಿ ನಾವು ಟೊಮೆಟೊಗೂ ಸೋಪು ಹಚ್ಚಿ ತೊಳೆದೆವು. ತಳ್ಳುಗಾಡಿಯವನ ಹೆಸರು ಕೇಳಿ, ಮುಸ್ಲಿಮನೆಂದು ತಿಳಿದೊಡನೆ ಬಾಗಿಲು ಹಾಕಿಕೊಂಡವರೂ ನಮ್ಮ ನಡುವೆಯೇ ಇದ್ದರು. ಆದರೆ ಕೊರೋನಾ ಹಬ್ಬಿದ್ದು ಮುಖ್ಯವಾಗಿ ಉಸಿರಿನಿಂದ, ಮುಚ್ಚಿದ ಕೋಣೆಯ ಗಾಳಿಯಲ್ಲಿ. ಬೀದಿಯಲ್ಲಿ ಎರಡು ನಿಮಿಷ ನಿಂತು ಸೊಪ್ಪು ಕೊಟ್ಟವನಿಗಿಂತ, ಮುಂದೆ ಮದುವೆಗಳು ಶುರುವಾದಾಗ ಕಿಟಕಿ ಮುಚ್ಚಿದ ಕಲ್ಯಾಣಮಂಟಪದಲ್ಲೋ ಶಾದಿಮಹಲಿನಲ್ಲೋ ಗಂಟೆಗಟ್ಟಲೆ ಪಕ್ಕದಲ್ಲಿ ಕುಳಿತ ನೆಂಟನಿಂದಲೇ ಅಪಾಯ ಹೆಚ್ಚಿತ್ತು. ಅವನೆದುರು ಮಾಸ್ಕ್ ಹಾಕುವುದು ಮಾತ್ರ ನಮಗೆ ಅಮರ್ಯಾದೆಯಾಗಿ ಕಂಡಿತು! ನಮ್ಮವರು, ಪರರು ಎಂಬ ಭೇದ ವೈರಾಣುವಿಗೆ ಗೊತ್ತಿಲ್ಲ. ‘ನನ್ನ ಜೀವ, ನನ್ನಿಷ್ಟ, ಮೇಲೊಬ್ಬನಿದ್ದಾನೆ’ ಎಂದು ಹೊರಟವರು ಮನೆಯ ಮೂಲೆಯಲ್ಲಿ ಮಲಗಿದ್ದ ಅಜ್ಜಿಯನ್ನು ಒಂದು ಮಾತು ಕೇಳಿದ್ದರೇ? ಇನ್ನೊಂದು ಸಾಂಕ್ರಾಮಿಕ ಬಂದರೆ ಕೇಳಬೇಕಾದದ್ದು ಇಷ್ಟೇ: ರೋಗ ಹೇಗೆ ಹರಡುತ್ತದೆ? ಎಷ್ಟು ಹೊತ್ತು ಹತ್ತಿರವಿದ್ದೆವು? ಮನೆಯಲ್ಲಿ ದುರ್ಬಲರು ಯಾರಿದ್ದಾರೆ? ಹೆಸರು ಕೇಳಿ ಯಾರೂ ಬದುಕುಳಿದಿಲ್ಲ.