ಯಾರು ಈ 'ಮತ್ತಿತರರು'?

ಕೇರಿಗೆ ಬೆಂಕಿ ಬಿದ್ದ ಮಾರನೇ ದಿನ ಜೀಪು ಬರುತ್ತದೆ. ಸಾಹೇಬರ ಮೊದಲ ಪ್ರಶ್ನೆ: 'ಕಡ್ಡಿ ಗೀರಿದ್ದು ಯಾರು?' ಹೊಗೆಯೊಳಗೆ ಮಕ್ಕಳನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದ ನಾವು ಒಂದೋ ಎರಡೋ ಹೆಸರು ಹೇಳುತ್ತೇವೆ. ರೈಟರು ಅದನ್ನು ಬರೆದುಕೊಂಡು ಪಕ್ಕದಲ್ಲಿ 'ಮತ್ತಿತರರು' ಅಂತ ಸೇರಿಸುತ್ತಾನೆ. ಅಲ್ಲಿಗೆ ಮುಗೀತು. ಸೀಮೆಎಣ್ಣೆ ತಂದವನು, ಹೊರಗಿನಿಂದ ಚಿಲಕ ಹಾಕಿದವನು, ಹೆಂಡಕ್ಕೆ ದುಡ್ಡು ಬಿಚ್ಚಿದ ದಣಿ, ಹಿಂದಿನ ಸಂಜೆ ಕಟ್ಟೆ ಮೇಲೆ ಕೂತು 'ಇವರಿಗೆ ಬುದ್ಧಿ ಕಲಿಸಿ' ಅಂದವನು, ಎಲ್ಲರೂ ಆ ಒಂದು ಪದದೊಳಗೆ ಬಚ್ಚಿಟ್ಟುಕೊಳ್ಳುತ್ತಾರೆ.

ಕಾನೂನು ಹೀಗೆ ಹೇಳಿದೆಯೇ? ಇಲ್ಲ. 1860ರ ದಂಡ ಸಂಹಿತೆಯ 107ನೇ ಕಲಮಿನ ಪ್ರಕಾರ ಚಿತಾವಣೆ ಮಾಡುವುದು, ಒಳಸಂಚು ಹೂಡುವುದು, ಬೇಕಂತಲೇ ನೆರವಾಗುವುದು, ಮೂರೂ ದುಷ್ಪ್ರೇರಣೆಯೇ. ಐದು ಜನ ಅಥವಾ ಹೆಚ್ಚು ಮಂದಿ ಕೆಟ್ಟ ಉದ್ದೇಶಕ್ಕೆ ಗುಂಪುಗೂಡಿ, ಆ ಉದ್ದೇಶಕ್ಕಾಗಿ ಒಬ್ಬ ಕೊಲೆ ಮಾಡಿದರೆ ಗುಂಪಿನವರೆಲ್ಲ ಹೊಣೆ ಅನ್ನುತ್ತದೆ 149. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 45 ಮತ್ತು 190 ಆಗಿವೆ. ನಂಬರು ಬದಲಾಯಿತು, ಮಾತು ಬದಲಾಗಲಿಲ್ಲ.

1989ರ ದೌರ್ಜನ್ಯ ತಡೆ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಜಮೀನಿನದೋ ಬೇರೆಯದೋ ಹಳೇ ಜಗಳದ ಮುಂದುವರಿಕೆಯಾಗಿ ಗುಂಪು ದೌರ್ಜನ್ಯ ಮಾಡಿತು ಅಂತ ರುಜುವಾತಾದರೆ, ಅದು ಎಲ್ಲರ ಸಮಾನ ಉದ್ದೇಶ ಅಂತಲೇ ಕೋರ್ಟು ಭಾವಿಸಬೇಕು. ಅಲ್ಲ ಅಂತ ತೋರಿಸುವ ಭಾರ ಆರೋಪಿಗಳದು. ಆ ಕೃತ್ಯಕ್ಕೆ ಹಣ ಒದಗಿಸಿದವನನ್ನೂ ಹಾಗೇ ಭಾವಿಸಬೇಕು. ಇದು 8ನೇ ಕಲಮು. ಬೇಕಂತಲೇ ಕರ್ತವ್ಯ ಮಾಡದ ದಲಿತೇತರ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷ ಜೈಲು. ಇದು 4ನೇ ಕಲಮು. ಆದರೆ ಅವನ ಮೇಲೆ ಆರೋಪ ಹೊರಿಸಲು ಆಡಳಿತದ ವಿಚಾರಣೆಯೇ ಶಿಫಾರಸು ಮಾಡಬೇಕಂತೆ! ಬೇಲಿಯ ತಪ್ಪನ್ನು ಬೇಲಿಯೇ ವಿಚಾರಿಸಬೇಕು.

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರು ಸುಟ್ಟು ಸತ್ತರು. ಸಾಕ್ಷಿಗಳು ತಿರುಗಿದರು. 2006ರಲ್ಲಿ ಎಲ್ಲ ಆರೋಪಿಗಳೂ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಏಳು ಜನರನ್ನು ಸುಟ್ಟವರು ಯಾರು? ಮುಖ್ಯ ಅಪರಾಧಿಯೂ ಇಲ್ಲ, ನೆರವು ಕೊಟ್ಟವನೂ ಇಲ್ಲ. ಹೆಣಗಳು ಮಾತ್ರ ನಮ್ಮವು.

ಆದರೆ ಅದೇ 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯ ಕೇರಿಗೆ ಬೆಂಕಿ ಬಿತ್ತಲ್ಲ, ಆ ಮೊಕದ್ದಮೆಯಲ್ಲಿ 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ವಿಧಿಸಿತು. ಮುಂದಿನ ತಿಂಗಳೇ ಅವರಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು, ನಿಜ. ಜಾಮೀನೆಂದರೆ ನಿರಪರಾಧಿ ಅಂತಲ್ಲ. ಗುಂಪಿನ ಹೊಣೆಯನ್ನು ಕೋರ್ಟಿನಲ್ಲಿ ನಿಲ್ಲಿಸಬಹುದು ಅನ್ನುವುದಂತೂ ಕಂಡಿತು.

ಜಗಳ ನೋಡಲು ನಿಂತವರನ್ನೆಲ್ಲ ಜೈಲಿಗೆ ತುಂಬಿ ಅಂತ ನಾವು ಕೇಳ್ತಿಲ್ಲ. ಬರೀ ಅಲ್ಲಿದ್ದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಸಿಟ್ಟಿಗೆ ಒಂದು ಸುಳ್ಳು ಹೆಸರು ಸೇರಿಸಿದರೂ ಸಾಕು, ವಕೀಲ ಅದನ್ನೇ ಹಿಡಿದು ನಿಜವಾದ ಹೆಸರುಗಳನ್ನೂ ಬಿಡಿಸಿಕೊಂಡು ಹೋಗ್ತಾನೆ. ನಾವು ಕೇಳೋದು ಇಷ್ಟೇ: ಯಾರು ಏನು ಮಾಡಿದರೋ ಅದು ಕಾಗದಕ್ಕೆ ಬರಲಿ.

ಆದ್ದರಿಂದ ಕೇರಿಯವರಿಗೆ ದೂರು ಬರೆದುಕೊಡುವ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಮೊದಲು ಕೂತು ಕೇಳಿ. ಚಿಲಕ ಹಾಕಿದ್ದು ಯಾರು? ಎಣ್ಣೆ ತಂದದ್ದು ಯಾರು? ಕಟ್ಟೆ ಮೇಲೆ ಏನು ಮಾತಾಯಿತು? ಹಳೇ ಜಗಳ ಯಾವುದು? ಠಾಣೆಗೆ ಸುದ್ದಿ ಮುಟ್ಟಿದ್ದು ಎಷ್ಟು ಹೊತ್ತಿಗೆ, ಜೀಪು ಬಂದದ್ದು ಎಷ್ಟು ಹೊತ್ತಿಗೆ? ಕಂಡವರು ಕಂಡಷ್ಟನ್ನೇ ಹೇಳಲಿ. ಬಾಯಲ್ಲಿ ಹೇಳಿ ಬರೆಸಿದ ದೂರನ್ನು ಓದಿ ಕೇಳಿಸಿದ ಮೇಲೇ ರುಜು ಪಡೆಯಬೇಕು, ಪ್ರತಿ ಕೊಡಬೇಕು. ಅದು ಸಾಹೇಬರ ದಯೆಯಲ್ಲ, ಕಾಯ್ದೆ ಹೇಳಿದ ಕೆಲಸ. ಸಾಕ್ಷಿಗಳಿಗೆ ರಕ್ಷಣೆಯ ಹಕ್ಕೂ ಉಂಟು, 15ಎ ಕಲಮು. ಅದನ್ನು ಕೇಳಿ ಪಡೆಯಿರಿ. ದಣಿಯ ಹೊಲದಲ್ಲೇ ಕೂಲಿ ಮಾಡಿ ಉಣ್ಣುವವನು ಕೋರ್ಟಿನಲ್ಲಿ ಒಬ್ಬನೇ ಎಷ್ಟು ಹೊತ್ತು ನಿಂತಾನು? ಅವನ ಪಕ್ಕದಲ್ಲಿ ನಾವು ನಿಲ್ಲಬೇಕು.

'ಮತ್ತಿತರರು' ಅನ್ನುವ ಪದ ಕಂಡಲ್ಲಿ ರುಜು ಹಾಕುವ ಮುಂಚೆ ಕೇಳಿ: ಯಾರವರು?